ಮಾವನ ಸೀಟಿಗಾಗಿ ಮಾಡಿಸಿದ ರೀಮ್ಯಾಪು

ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ರೀಮ್ಯಾಪ್ ಮಾಡಿಸಬಹುದಾ ಅಂತ ಈಗಲೂ ಯಾರಾದರೂ ಬಂದು ನನ್ನನ್ನು ಕೇಳುತ್ತಾರೆ. ಹಳೇ ಲೇತಿರಲಿ, ಸೆಕೆಂಡ್ ಹ್ಯಾಂಡ್ ಗಾಡಿ ಇರಲಿ, ಮದುವೆಗೆ ಛತ್ರವೇ ಇರಲಿ, ಪೀಣ್ಯದಲ್ಲಿ ನನ್ನ ಪರಿಚಯದವರು ಮಾತಾಡಿ ರೇಟು ಇಳಿಸಲು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದು ರೂಢಿ. ಹಾಗಾಗಿ ಇದನ್ನೂ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಯಾಕೆ ಬೇಡ ಅಂತ ವಿವರಿಸಿಯೂ ಹೇಳುತ್ತೇನೆ. ಆದರೆ ನಾನೇ ಯಾಕೆ ಮಾಡಿಸಿದೆ ಅನ್ನುವುದನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹೊಟ್ಟೆಕಿಚ್ಚಿಗೆ ಮಾಡಿಸಿದೆ.

ನನ್ನದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು. ಶುರು ಮಾಡಿದಾಗ ಇದ್ದದ್ದು ಒಂದೇ ಲೇತು, ಅದೂ ಹಳೆಯದು. ಆ ಒಂದು ಲೇತನ್ನು ನೋಡಿಯೇ ನನ್ನ ಮಾವ ಹಿರಿಯ ಮಗಳನ್ನು ಕೊಟ್ಟರು. ಅವರು ದೊಡ್ಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ರಿಟೈರಾಗಿ ದಾಸರಹಳ್ಳಿಯಲ್ಲಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೂ ಮೊದಲು ನನ್ನ ಶೆಡ್ಡಿಗೆ ಬಂದು, ನಾನು ಲೇತಿನಲ್ಲಿ ತಿರುಗಿಸಿ ಕಡೆದ ಒಂದು ಬುಶ್ಶನ್ನು, ಅಂದರೆ ಉಕ್ಕಿನ ಪುಟ್ಟ ಕೊಳವೆಯನ್ನು, ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ಜೇಬಿಗೆ ಹಾಕಿಕೊಂಡು ಹೋದವರು. ನನಗೆ ಅಪ್ಪ ಇರಲಿಲ್ಲ. ಅವರ ಆ ಒಂದು ನೋಟಕ್ಕೆ ನನ್ನಲ್ಲಿ ಎಷ್ಟು ಬೆಲೆ ಅಂತ ಹೇಳಲು ಬರುವುದಿಲ್ಲ.

ಪ್ರತಿ ಆಯುಧಪೂಜೆಗೆ ಮಾವ ಶೆಡ್ಡಿಗೆ ಬರುತ್ತಿದ್ದರು. ಮೆಷಿನ್ನುಗಳಿಗೆ ಕುಂಕುಮ ಇಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಕೊನೆಗೆ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತಿದ್ದೆವು. ಅವರು "ಹೂಂ" ಅಂದ ಮೇಲೆ ನಾನು ಕ್ಲಚ್ ಬಿಡುತ್ತಿದ್ದೆ. ವರ್ಷದ ಮೊದಲ ಸವಾರಿ ಅವರ ಜೊತೆ. ಇದು ನಮ್ಮ ಮನೆಯ ಪದ್ಧತಿ ಅಂತ ನಾನು ಅಂದುಕೊಂಡಿದ್ದೆ.

ಆಮೇಲೆ ನನ್ನ ಷಡ್ಡಕ ಬಂದ. ಮಾವನ ಎರಡನೇ ಮಗಳ ಗಂಡ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಂಜಿನಿಯರು. ಒಳ್ಳೆಯವನೇ. ಅದೇ ಕಷ್ಟ, ಬೈಯಲು ಏನೂ ಸಿಗುತ್ತಿರಲಿಲ್ಲ. ಒಂದು ವರ್ಷ ಆಯುಧಪೂಜೆಗೆ ಸರಿಯಾಗಿ ಹೊಸ ಟರ್ಬೊ ಡೀಸೆಲ್ ಗಾಡಿ ತಂದು ನನ್ನ ಶೆಡ್ಡಿನ ಮುಂದೆಯೇ ನಿಲ್ಲಿಸಿದ. ಎತ್ತರದ ಗಾಡಿ. ಷೋರೂಮಿನಲ್ಲಿ ಒಂದು ಮ್ಯಾಟನ್ನಾದರೂ ಪುಕ್ಕಟೆ ಹಾಕಿಸಿಕೊಂಡೆಯಾ ಅಂತ ಕೇಳಿದೆ. ಇಲ್ಲ ಅಣ್ಣಾ, ಕೇಳೋಕೆ ಸಂಕೋಚ ಆಯ್ತು ಅಂದ. ಚೌಕಾಸಿಯನ್ನೇ ಮಾಡದೆ ದುಡ್ಡು ಕೊಟ್ಟು ತಂದ ಗಾಡಿಯಲ್ಲಿ ನನ್ನ ಮಾವ ಹೋಗಿ ಕೂತರು. ನಿಂಬೆಹಣ್ಣು ಪಚಕ್ಕೆಂದಿತು. ಹೊಸ ಗಾಡಿ, ಹೊಸ ಅಳಿಯ, ಸಹಜ ಅಂತ ನನ್ನ ಹೆಂಡತಿ ಅಂದಳು. ನಾನೂ ಹೂಂ ಅಂದೆ.

ಆದರೆ ಅದು ಒಂದು ದಿನಕ್ಕೆ ಮುಗಿಯಲಿಲ್ಲ. ಮದುವೆ, ನಾಮಕರಣ, ಬ್ಯಾಂಕಿನ ಕೆಲಸ, ಎಲ್ಲಿಗೆ ಹೋದರೂ ಎರಡು ಗಾಡಿ ಹೊರಟಾಗ ಮಾವ ಅವನ ಗಾಡಿಯ ಕಡೆಗೇ ನಡೆಯುತ್ತಿದ್ದರು. ಅತ್ತೆ ಮತ್ತು ಊಟದ ಡಬ್ಬಿಗಳು ನನ್ನ ಗಾಡಿಗೆ. ಸ್ವಲ್ಪ ದಿನಕ್ಕೆ ಷಡ್ಡಕ ಗಾಡಿಗೆ ರೀಮ್ಯಾಪ್ ಮಾಡಿಸಿದ. ಎಂಜಿನ್ನಿಗೆ ಎಷ್ಟು ಇಂಧನ, ಎಷ್ಟು ಗಾಳಿ ಅಂತ ಲೆಕ್ಕ ಹೇಳುವ ಪುಟ್ಟ ಕಂಪ್ಯೂಟರು ಗಾಡಿಯೊಳಗೆ ಇರುತ್ತದಲ್ಲ, ಅದರ ಪ್ರೋಗ್ರಾಮನ್ನೇ ಬದಲಿಸುವುದು. ಮಾಡಿಸಿದ ವಾರವೇ ಮಾವನನ್ನು ಹೊಸೂರು ರಸ್ತೆಯ ಫ್ಲೈಓವರ್ ಮೇಲೆ ಕರೆದುಕೊಂಡು ಹೋಗಿ ಬಂದ. "ಏರೋಪ್ಲೇನ್ ಕಣ್ರೀ ಅದು" ಅಂತ ಮಾವ ನನ್ನ ಎದುರಿಗೇ, ನಮ್ಮ ಮನೆಯಲ್ಲೇ, ನನ್ನ ಹೆಂಡತಿ ಮಾಡಿದ ಉಪ್ಪಿಟ್ಟು ತಿನ್ನುತ್ತಾ ಹೇಳಿದರು. ಸ್ಪೀಡು, ಅಂದುಕೊಂಡೆ. ಮುದುಕರಿಗೆ ಸ್ಪೀಡು ಬೇಕಾಗಿದೆ.

ನನ್ನ ಗಾಡಿಗೂ ಎಲ್ಲಿ ಮಾಡಿಸಬಹುದು ಅಂತ ಷಡ್ಡಕನನ್ನು ಕೇಳಲಿಲ್ಲ. ಅವನನ್ನು ಕೇಳುವುದಕ್ಕಿಂತ ಬಸ್ಸಿನಲ್ಲಿ ಓಡಾಡುವುದು ಮೇಲು ಅನ್ನಿಸಿತು. ಕಬ್ಬಿಣದ ರಾಡ್ ತರಲು ಜಿಗಣಿಗೆ ಹೋದಾಗ ಅಲ್ಲಿ ಇಲ್ಲಿ ವಿಚಾರಿಸಿ, ಚಂದಾಪುರ ದಾಟಿ ಒಂದು ಸಂದಿಯಲ್ಲಿದ್ದ ಗ್ಯಾರೇಜು ಹುಡುಕಿದೆ. ಗ್ಯಾರೇಜಿನವನಿಗೆ ಮೂವತ್ತರ ಆಸುಪಾಸು. ಕೈಗೆ ಗ್ರೀಸೇ ಇಲ್ಲ, ಬರೀ ಲ್ಯಾಪ್‌ಟಾಪು. ನನ್ನ ಗಾಡಿಯ ಬಾನೆಟ್ಟನ್ನೂ ಎತ್ತಲಿಲ್ಲ.

"ಸಾರ್, ಇದು ಬೇಡ ಬಿಡಿ," ಅಂದ. "ನಿಮ್ದು ಟರ್ಬೊ ಇಲ್ಲದ ಗಾಡಿ. ಟರ್ಬೊ ಅಂದ್ರೆ ಎಂಜಿನ್ನಿಗೆ ಗಾಳಿ ತುರುಕೋ ಫ್ಯಾನು. ಇನ್ನೂ ಸ್ವಲ್ಪ ತುರುಕು ಅಂತ ನಾವು ಹೇಳಬಹುದು. ನಿಮ್ಮ ಗಾಡಿ ತನ್ನ ಮೂಗಲ್ಲಿ ತಾನೇ ಉಸಿರಾಡುತ್ತೆ. ಅದಕ್ಕೆ ಏನಂತ ಹೇಳೋದು?"

ಬೇರೆಯವರಾದರೆ ಥ್ಯಾಂಕ್ಸ್ ಹೇಳಿ ವಾಪಸ್ ಬರುತ್ತಿದ್ದರು. ನಾನು ಬರಲಿಲ್ಲ. ಯಾಕೆಂದರೆ ಇದೇ ಮಾತನ್ನು ನಾನು ನನ್ನ ಶೆಡ್ಡಿನಲ್ಲಿ ಎಷ್ಟು ಸಲ ಆಡಿದ್ದೇನೋ. ಡ್ರಾಯಿಂಗ್ ಹಿಡಿದು ಬಂದ ಪಾರ್ಟಿಗೆ, "ಸಾರ್, ಈ ಜಾಬ್ ನಮಗೆ ಬೇಡ ಬಿಡಿ, ನಿಮಗೂ ಗಿಟ್ಟಲ್ಲ" ಅಂದು ಡ್ರಾಯಿಂಗನ್ನು ಅವರ ಕಡೆಗೆ ತಳ್ಳುವುದು. ಹತ್ತರಲ್ಲಿ ಎಂಟು ಜನ ತಾವಾಗಿಯೇ ರೇಟು ಏರಿಸುತ್ತಾರೆ. ಪೀಣ್ಯದಲ್ಲಿ 'ಬೇಡ' ಅನ್ನುವುದು ವ್ಯಾಪಾರದ ಮೊದಲ ಮಾತು. ಈ ಹುಡುಗ ನನ್ನ ಆಟವನ್ನು ನನ್ನ ಮೇಲೇ ಆಡುತ್ತಿದ್ದಾನೆ ಅಂದುಕೊಂಡೆ.

ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಟರ್ಬೊ ಇಲ್ಲ ಅಂದರೆ ನಿನಗೆ ಕೆಲಸವೂ ಕಮ್ಮಿ, ಹಾಗಿದ್ದರೆ ರೇಟೂ ಅರ್ಧ ಆಗಬೇಕಲ್ಲ ಅಂದೆ. ಅವನು ತಲೆ ಕೆರೆದುಕೊಂಡ. ಕೆಲಸ ಅಷ್ಟೇ ಇರುತ್ತೆ, ಫಲ ಇರಲ್ಲ ಅಂದ. ಎದ್ದು ಹೋಗುವ ಹಾಗೆ ಮಾಡಿದೆ, ಅವನು ತಡೆಯಲೇ ಇಲ್ಲ. ಗೇಟಿನಿಂದ ನಾನೇ ವಾಪಸ್ ಬಂದು ಕೂತೆ. ಎರಡು ಟೀ ಆಯಿತು. ಕೊನೆಗೆ ನನ್ನ ಕಾಟ ತಡೆಯಲಾರದೆ ನಾನು ಹೇಳಿದ ರೇಟಿಗೇ ಒಪ್ಪಿ, ಸ್ಟೇರಿಂಗಿನ ಕೆಳಗೆ ವೈರ್ ಸಿಕ್ಕಿಸಿ ಕೂತ. ಆಮೇಲೆ ಬೈಬೇಡಿ ಸಾರ್ ಅಂತ ಮೂರು ಸಲ ಹೇಳಿದ. ಜೀವನದಲ್ಲಿ ನಾನು ಗೆದ್ದ ಚೌಕಾಸಿಗಳಲ್ಲಿ ಅದೂ ಒಂದು. ಬೇಡದ ವಸ್ತುವನ್ನು ಅರ್ಧ ರೇಟಿಗೆ ತಂದೆ.

ಗ್ಯಾರೇಜಿನಿಂದ ಹೊರಗೆ ಬಂದಾಗ ಗಾಡಿ ಚುರುಕಾದ ಹಾಗೇ ಇತ್ತು. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಹಾರಿ ಬೀಳುತ್ತಿತ್ತು. ಹೊಸೂರು ರಸ್ತೆಯ ಜಾಮ್‌ನಲ್ಲಿ ಅದರಿಂದ ಆದ ಲಾಭ ಏನೆಂದರೆ ಮುಂದಿನ ಗಾಡಿಗೆ ಗುದ್ದುವ ಹಾಗೆ ಎರಡು ಸಲ ಆಯಿತು. ತುಮಕೂರು ರಸ್ತೆಗೆ ಬಂದು ಪೂರ್ತಿ ಒತ್ತಿ ನೋಡಿದೆ. ಪೂರ್ತಿ ಒತ್ತಿದ ಮೇಲೆ ಅದೇ ಹಳೇ ಗಾಡಿ. ಪೆಡಲಿನ ಮೊದಲ ಅರ್ಧದಲ್ಲೇ ಎಲ್ಲ ಶಕ್ತಿ ಕೊಟ್ಟುಬಿಡು ಅಂತ ಪ್ರೋಗ್ರಾಮು ಹೇಳಿತ್ತು, ಅಷ್ಟೇ. ಕೊಡಲು ಹೊಸದಾಗಿ ಏನೂ ಇರಲಿಲ್ಲ. ಮೇಲಾಗಿ ದುಬಾರಿ ಪೆಟ್ರೋಲೇ ಹಾಕಿಸಬೇಕು ಅಂತ ಗ್ಯಾರೇಜಿನವನು ಬೇರೆ ಹೇಳಿದ್ದ. ಅವತ್ತೇ ನನಗೆ ಅರ್ಥ ಆಯಿತು, ಆ ಮನುಷ್ಯ ವ್ಯಾಪಾರ ಮಾಡುತ್ತಿರಲಿಲ್ಲ, ನಿಜ ಹೇಳುತ್ತಿದ್ದ.

ಆದರೂ ಭಾನುವಾರ ಬೆಳಿಗ್ಗೆ ಮಾವನನ್ನು ಬಲವಂತವಾಗಿ ಕೂರಿಸಿಕೊಂಡು ನೆಲಮಂಗಲದ ಕಡೆ ಹೊರಟೆ. ಪೆಡಲು ಒತ್ತಿದೆ, ಬಿಟ್ಟೆ, ಒತ್ತಿದೆ. ಮಾವ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸರ್ವಿಸ್ ಮಾಡಿಸಬೇಕು ಅನ್ನಿಸುತ್ತೆ, ಗಾಡಿ ಜಗ್ಗುತ್ತಿದೆ ಅಂದರು. ಏರೋಪ್ಲೇನಿನ ಮಾತು ಬರಲಿಲ್ಲ. ಇಡ್ಲಿ ಹೋಟೆಲ್ಲಿನ ಮುಂದೆ ನಿಲ್ಲಿಸಿ ನಾನು ಇಳಿದೆ. ಅವರು ಇಳಿಯಲಿಲ್ಲ. ಮುನಿಸಿಕೊಂಡರು ಅಂತ ಆ ಕಡೆಗೆ ಹೋಗಿ ನೋಡಿದರೆ, ಒಂದು ಕಾಲು ಹೊರಗೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು ಏಳಲು ನೋಡುತ್ತಿದ್ದಾರೆ, ಆಗುತ್ತಿಲ್ಲ. ಕೈ ಕೊಟ್ಟೆ. ಹಿಡಿದು ಎದ್ದವರು ನನ್ನ ಮುಖ ನೋಡದೆ ಪಂಚೆ ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ನಿಮ್ಮ ಗಾಡಿ ಸೀಟು ಬಾವಿ ಇದ್ದಂಗಿದೆ. ಮಂಡಿ ಮೊದಲಿನ ಹಾಗಿಲ್ಲ. ಅವರದ್ದು ಕುರ್ಚಿ ಎತ್ತರ ಇದೆ, ಜಾರಿದ್ರೆ ಇಳಿದೆ."

"ಮೊದಲೇ ಹೇಳಬಾರದಿತ್ತಾ ಮಾವ?"

"ಏನಂತ ಹೇಳ್ಲಿ? ನಲವತ್ತು ವರ್ಷ ನಿಂತು ಕೆಲಸ ಮಾಡಿದೋನು, ಕೂತ್ರೆ ಏಳೋಕಾಗಲ್ಲ ಅಂತಲಾ?"

ಇಡ್ಲಿ ತಿಂದೆವು. ಒಂದು ವರ್ಷ ನಾನು ಅಸೂಯೆ ಪಟ್ಟದ್ದು ಎಂಜಿನ್ನಿನ ಮೇಲೆ. ಅವರು ಹುಡುಕುತ್ತಿದ್ದದ್ದು ಎತ್ತರದ ಸೀಟು. ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ತಲೆಗೆ ಬಂದದ್ದು, ಎಷ್ಟು ಎತ್ತರ ಬೇಕು ಅನ್ನುವುದು. ಮಾರನೇ ದಿನ ಷಡ್ಡಕನ ಮನೆಗೆ ಹೋಗಿ, ಅವನು ಕಾಫಿ ತರಲು ಒಳಗೆ ಹೋದಾಗ, ಅವನ ಗಾಡಿಯ ಸೀಟಿಗೂ ನೆಲಕ್ಕೂ ಟೇಪ್ ಹಿಡಿದು ಅಳತೆ ತೆಗೆದುಕೊಂಡು ಬಂದೆ. ಪೂರ್ತಿ ಅಷ್ಟು ಎತ್ತರಿಸಿದರೆ ತಲೆ ಗಾಡಿಯ ಚಾವಣಿಗೆ ಬಡಿಯುತ್ತದೆ. ಮಾವನ ಎತ್ತರ ಲೆಕ್ಕ ಹಾಕಿ ಎಷ್ಟು ಸಾಧ್ಯವೋ ಅಷ್ಟಕ್ಕೆ ಗಟ್ಟಿ ಸ್ಟೀಲಿನಲ್ಲಿ ಸೀಟಿನ ಕಾಲುಗಳಡಿ ಇಡುವ ನಾಲ್ಕು ದಪ್ಪ ಬಿಲ್ಲೆ, ನಮ್ಮ ಭಾಷೆಯಲ್ಲಿ ಪ್ಯಾಕಿಂಗ್, ಲೇತಿನಲ್ಲಿ ತಿರುಗಿಸಿದೆ. ಒಳ್ಳೆಯ ಉದ್ದದ ಬೋಲ್ಟು ಹಾಕಿ, ಮುಂದಿನ ಸೀಟನ್ನು ಅದರ ಮೇಲೆ ಕೂರಿಸಿ, ನಾನೇ ಹತ್ತಿ ಇಳಿದು ನೋಡಿದೆ. ಆ ಪ್ಯಾಕಿಂಗುಗಳಿಗೆ ಕೊಟ್ಟ ಫಿನಿಷಿಂಗನ್ನು ನಾನು ಯಾವ ಪಾರ್ಟಿಗೂ ಕೊಟ್ಟಿಲ್ಲ.

ಆ ವರ್ಷದ ಆಯುಧಪೂಜೆಗೆ ಎರಡೂ ಗಾಡಿ ಶೆಡ್ಡಿನ ಮುಂದೆ ನಿಂತಿದ್ದವು, ಎರಡಕ್ಕೂ ಚೆಂಡುಹೂವಿನ ಹಾರ. ಕುಂಬಳಕಾಯಿ ಒಡೆದಾಯಿತು. ಷಡ್ಡಕ ಅಭ್ಯಾಸದಂತೆ ತನ್ನ ಗಾಡಿಯ ಬಾಗಿಲು ತೆರೆದು ನಿಂತ. ನಾನೂ ನನ್ನದನ್ನು ತೆರೆದೆ. ಮಾವ ಆ ಕಡೆ ಎರಡು ಹೆಜ್ಜೆ ಇಟ್ಟವರು ನನ್ನ ಸೀಟಿನ ಕಡೆ ನೋಡಿದರು. ಫಿಟ್ಟರ್ ಕಣ್ಣು, ತಪ್ಪಲಿಲ್ಲ. ಬಂದರು. ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ಒಂದು ಪ್ಯಾಕಿಂಗನ್ನು ಬೆರಳಿನಿಂದ ಸವರಿದರು, ಬುಶ್ಶನ್ನು ನೋಡಿದ ಹಾಗೇ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಕೂತುಕೊಂಡು "ಹೂಂ" ಅಂದರು.

ಷಡ್ಡಕ ನನ್ನ ಕಿಟಕಿಗೆ ಬಂದ. "ಏನಣ್ಣಾ, ಮಾವನ್ನ ಹಾರಿಸಿಕೊಂಡು ಹೋಗ್ತಿದ್ದೀರಾ? ನೀವೂ ರೀಮ್ಯಾಪ್ ಮಾಡಿಸಿದ್ರಂತೆ, ಪೆಟ್ರೋಲಿಗೆ ಅಷ್ಟು ಎಫೆಕ್ಟ್ ಬರುತ್ತಾ?"

"ಸಕ್ಕತ್ತಾಗಿ ಬರುತ್ತೆ," ಅಂದೆ.

ಮಾವ ಮುಂದೆ ನೋಡುತ್ತಾ ಮೀಸೆಯಲ್ಲೇ ನಕ್ಕರು. ಷಡ್ಡಕ ಮಾವನ ಕಡೆಗೆ ಸುತ್ತಿ ಬಂದು ಸೀಟಿನ ಕೆಳಗೆ ಬಗ್ಗಿ ನೋಡುವ ಮೊದಲೇ ಅವರು ತಮ್ಮ ಬಾಗಿಲು ಎಳೆದುಕೊಂಡರು, ನಾನು ಕ್ಲಚ್ ಬಿಟ್ಟೆ.