ಖಾಲಿ ಕ್ಯಾಮರಾದ ಮುಂದೆ ಕುಳಿತವರು

ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಸಿನಿಮಾ ಕ್ಯಾಮರಾ. ಗೋಡೆ ಗಡಿಯಾರಕ್ಕೆ ಕೊಟ್ಟ ಹಾಗೆ ಕೀಲಿ ಕೊಟ್ಟರೆ ಕಿರ್ರೆಂದು ತಿರುಗುವಂಥದ್ದು. ಫಿಲ್ಮು ಬೊಂಬಾಯಿಯಿಂದ ಬರಬೇಕು. ಬಂದ ಡಬ್ಬಿಗಳನ್ನು ಶಾಲೆಯ ಯಜಮಾನರು ತಮ್ಮ ಮನೆಯ ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಒಂದು ಡಬ್ಬಿ ಕೇಳಿದರೆ ಅವರ ಜೀವವೇ ಹೋದ ಹಾಗೆ. ಹಾಗಾಗಿ ಮೊದಲ ವರ್ಷವಿಡೀ ಮಕ್ಕಳಿಗೆ ಖಾಲಿ ಕ್ಯಾಮರಾದಲ್ಲೇ ಪಾಠ.

ಎಂಬತ್ತರ ದಶಕದ ಆರಂಭದ ಮಾತಿದು. ಮಣಿಪಾಲದ ಇಳಿಜಾರಿನಲ್ಲಿ ಹಳೆಯ ಗೇರುಬೀಜದ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಸಿನಿಮಾದ ಹುಚ್ಚಿದ್ದ ಆ ಯಜಮಾನರು ಆ ಖಾಸಗಿ ಶಾಲೆ ಕಟ್ಟಿದ್ದರು. ಚಿತ್ರಕಲೆಯೂ ಉಂಟು, ಸಿನಿಮಾವೂ ಉಂಟು. ನಾನು ಇನ್ನಂಜೆಯಿಂದ ಬಸ್ಸು ಬದಲಿಸಿಕೊಂಡು ಬಂದು ಡ್ರಾಯಿಂಗ್ ಕಲಿಸುತ್ತಿದ್ದೆ. ಖಾಲಿ ಕ್ಯಾಮರಾದಲ್ಲಿ ತೆಗೆದದ್ದನ್ನೆಲ್ಲ ಮಕ್ಕಳು ನನ್ನ ಕ್ಲಾಸಿಗೆ ಬಂದು, ಒಂದು ಶಾಟಿಗೆ ಒಂದು ಹಾಳೆಯಂತೆ ನೆನಪಿನಿಂದ ಬಿಡಿಸಬೇಕಿತ್ತು. ಬಿಡಿಸಲಾಗದಿದ್ದರೆ ನೋಡಿಲ್ಲ ಅಂತಲೇ ಅರ್ಥ. “ಕಣ್ಣು ಎಲ್ಲಿ ಅಡವಿಟ್ಟು ಬಂದೆ ಮಾರಾಯ?” ಎಂದು ಶುರುಮಾಡಿದರೆ ನನ್ನ ಬಾಯಿ ಬೇಗ ನಿಲ್ಲುತ್ತಿರಲಿಲ್ಲ.

ಊರಿನವರಿಗೆ ಈ ಖಾಲಿಯ ಸಂಗತಿ ಹೇಗೆ ಗೊತ್ತಾಗಬೇಕು? ಒಮ್ಮೆ ಕಾರ್ಕಳದ ಕಲ್ಲಿನ ಕೋರೆಗೆ ಹೋದಾಗ ಅಲ್ಲಿನ ಕೆಲಸಗಾರರು ತಲೆ ಬಾಚಿಕೊಂಡು ಬಂದು ಸುತ್ತಿಗೆ ಎತ್ತಿ ನಿಂತರು. “ಯಾವ ಟಾಕೀಸಿನಲ್ಲಿ ಬರುತ್ತದೆ?” ಎಂದು ಒಬ್ಬರು ಕೇಳಿದರು. ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ನಾನೇ ಮುಂದೆ ಹೋಗಿ, ಇವರು ಇನ್ನೂ ಅ ಆ ತೀಡುವವರು, ಟಾಕೀಸು ದೂರ ಉಂಟು ಎಂದು ಮಾತು ತೇಲಿಸಿದೆ. ಬಸ್ಸಿನಲ್ಲಿ ನಕ್ಕದ್ದೇ ನಕ್ಕದ್ದು.

ಆ ವರ್ಷದ ಮಕ್ಕಳಲ್ಲಿ ಕಾಪುವಿನ ಬ್ಯಾರಿ ಮುಸಲ್ಮಾನರ ಮನೆಯ ಹುಡುಗಿಯೊಬ್ಬಳಿದ್ದಳು. ಗಲ್ಫಿನಲ್ಲಿದ್ದ ಅವಳ ತಂದೆಯೇ, ಮಗಳಿಗೆ ಇಷ್ಟವಿದ್ದದ್ದನ್ನು ಕಲಿಯಲಿ ಎಂದು ನೆಂಟರ ಬಾಯಿ ಮುಚ್ಚಿಸಿ ಸೇರಿಸಿದ್ದರು. ಮಾತು ಬಹಳ ಕಡಿಮೆ. ಮನೆಯವರೊಬ್ಬರು ಕೆಲಸ ಮಾಡುವುದನ್ನು ಕ್ಯಾಮರಾದಲ್ಲಿ ತೆಗೆದುಕೊಂಡು ಬನ್ನಿ ಎಂದಾಗ ಅವಳು ಅಜ್ಜಿಯನ್ನು ಆರಿಸಿಕೊಂಡಳು. ಅಕ್ಕಿರೊಟ್ಟಿ ತಟ್ಟುವ ಕೈ, ಬಾವಿಕಟ್ಟೆಯಲ್ಲಿ ಬಗ್ಗಿದ ಬೆನ್ನು, ಹೊಸ್ತಿಲು ದಾಟುವ ಹಿಮ್ಮಡಿ. ಎಲ್ಲ ಹಾಳೆಗಳನ್ನು ಮಗುಚಿ ನೋಡಿದರೂ ಮುಖ ಮಾತ್ರ ಇಲ್ಲ. ಮುಖವಿರಬೇಕಾದ ಜಾಗದಲ್ಲಿ ಬಿಳಿ ಕಾಗದ.

“ಮುಖ ಬಿಡಿಸಲಿಕ್ಕೆ ಹೆದರಿಕೆಯಾ?” ಎಂದು ಕೇಳಿದೆ.

“ಅಲ್ಲ ಟೀಚರೇ,” ಎಂದಳು. ಅಷ್ಟೇ. ಆ ಕೈಗಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ, ನಾನೂ ಹೆಚ್ಚು ಕೆದಕಲಿಲ್ಲ.

ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ತಾಯಿ ಹೋದರೂ ಅವಳ ತಂದೆಗೆ ರಜೆ ಸಿಗಲಿಲ್ಲ. ಅವರು ಊರಿಗೆ ಬಂದದ್ದು ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ. ಬಂದವರಿಗೆ ನೆರೆಮನೆಯವರು, ನಿಮ್ಮ ಮಗಳು ಅಜ್ಜಿಯ ಸಿನಿಮಾ ತೆಗೆದಿದ್ದಾಳೆ, ನಾವೇ ಕಣ್ಣಾರೆ ನೋಡಿದ್ದೇವೆ ಎಂದರಂತೆ. ಮರುದಿನ ಬೆಳಿಗ್ಗೆಯೇ ಮಗಳ ಜೊತೆ ನಮ್ಮ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲು.

“ಟೀಚರೇ, ನನ್ನ ಉಮ್ಮನ ಸಿನಿಮಾ ಒಮ್ಮೆ ತೋರಿಸಿ. ನೋಡಿಕೊಂಡು ಹೋಗುತ್ತೇನೆ.”

ಹುಡುಗಿ ನೆಲ ನೋಡುತ್ತಿದ್ದಳು. ಕ್ಯಾಮರಾ ಖಾಲಿಯಿತ್ತೆಂದು ಅವಳು ತಂದೆಗೆ ಹೇಳಿಲ್ಲವೆಂದು ತಿಳಿಯಿತು.

“ಪ್ರತಿ ರಜೆಗೂ ನಾನು ಕ್ಯಾಮರಾ ತರುತ್ತಿದ್ದೆ,” ಎಂದರು ಅವರು. “ಉಮ್ಮ ಸೆರಗು ಎಳೆದುಕೊಂಡು ತಿರುಗಿ ಕೂರುತ್ತಿದ್ದರು. ಫೋಟೋ ಬೇಡ ಅಂದರೆ ಬೇಡವೇ. ಒಂದೇ ಒಂದು ಪಟ ಇಲ್ಲ ನನ್ನ ಹತ್ತಿರ. ಮಣ್ಣು ಹಾಕಲಿಕ್ಕೂ ಸಿಗಲಿಲ್ಲ ನನಗೆ. ಇದಾದರೂ ಉಂಟಲ್ಲ, ಟೀಚರೇ.”

ಬೀರುವಿನಿಂದ ಕ್ಯಾಮರಾ ತಂದು ಅದರ ಪಕ್ಕದ ಮುಚ್ಚಳ ತೆರೆದು ತೋರಿಸಿದೆ. ಫಿಲ್ಮು ಹಾಕಿರಲಿಲ್ಲ, ಇದು ಬರೀ ಅಭ್ಯಾಸಕ್ಕೆ ಎಂದೆ. ಅವರು ಬಗ್ಗಿ ಒಳಗೆ ನೋಡಿದರು. ಮುಖ ಕೆಂಪಾಯಿತು.

“ವಯಸ್ಸಾದವರನ್ನು ಕೂರಿಸಿ ಮಂಗ ಮಾಡಿದಿರಾ? ಎಂತ ಶಾಲೆ ಇದು!”

ಎಲ್ಲರಿಗೂ ಎದುರುತ್ತರ ಕೊಡುವವಳು ನಾನು. ಅವತ್ತು ಕ್ಯಾಮರಾದ ಮುಚ್ಚಳ ಹಾಕಿ ಅದನ್ನು ಮೇಜಿನ ಮೇಲಿಟ್ಟೆ.

ಆಗ ಹುಡುಗಿ ತಲೆ ಎತ್ತಿದಳು. ತಂದೆಯ ಹತ್ತಿರ ಬ್ಯಾರಿ ಭಾಷೆಯಲ್ಲೇ ಮಾತಾಡಿದಳು. ಆ ಕಡೆಯವಳೇ ಆದ್ದರಿಂದ ನನಗೆ ಅರ್ಥವಾಗುತ್ತಿತ್ತು. “ಅಜ್ಜಿಗೆ ಗೊತ್ತಿತ್ತು, ಉಪ್ಪ. ಹೀಗೆಯೇ ತೆರೆದು ತೋರಿಸಿದ್ದೆ. ಒಳಗೆ ಬೆರಳು ಹಾಕಿ ನೋಡಿ, ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಸೆರಗು ಸರಿಸಿದ್ದು.”

ಅವರು ಡ್ರಾಯಿಂಗ್ ಬೆಂಚಿನ ಮೇಲೆ ಕುಳಿತುಬಿಟ್ಟರು. ನಾನು ಹಾಳೆಗಳನ್ನು ತಂದು ಮುಂದಿಟ್ಟೆ. ಒಂದೊಂದಾಗಿ ತಿರುಗಿಸಿದರು. ರೊಟ್ಟಿ ತಟ್ಟುವ ಕೈಯ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಆ ಬಿಳಿ ಜಾಗವನ್ನು ಮುಟ್ಟಿ, “ಮುಖ?” ಎಂದು ಕೇಳಿದರು.

“ಕಾಗದದ ಮೇಲೆ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೆ.”

ಅಯ್ಯೋ ದೇವರೇ, ಇದಾ ಸಂಗತಿ ಎನಿಸಿತು ನನಗೆ. ಆ ಹುಡುಗಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ತಂದೆ ಹಾಳೆ ಕೆಳಗಿಟ್ಟರು. “ಕಾಗದದಲ್ಲಿ ಬೇಡ ಅಂದದ್ದು. ಬಾಯಲ್ಲಿ ಹೇಳಬೇಡ ಅನ್ನಲಿಲ್ಲ ಅಲ್ವಾ?”

“ಇಲ್ಲ.”

“ಹಾಗಾದರೆ ಹೇಳು. ನೀನು ನೋಡಿದ್ದೀಯಲ್ಲ.”

ಕ್ಲಾಸಿನಲ್ಲಿ ಎರಡು ಮಾತು ಕೂಡಿಸಿ ಆಡದವಳು ಹೇಳತೊಡಗಿದಳು. ಬೆಳಕು ಎಲ್ಲಿಂದ ಬಂತು ಎಂಬಲ್ಲಿಂದ ಶುರು, ನಾವು ಕಲಿಸಿದ ಕ್ರಮದಲ್ಲೇ. ಎಡಗಡೆ ಹಿತ್ತಿಲ ಬಾಗಿಲಿನ ಬೆಳಕು. ಅದು ಬಿದ್ದಾಗ ಕೆನ್ನೆಯ ಸುಕ್ಕು ತೆಳ್ಳಗೆ ಕಾಣುತ್ತದೆ. ಕೀಲಿಯ ಸದ್ದಿಗೆ, ಒಳಗೆ ಜೀರುಂಡೆ ಹೊಕ್ಕಿದೆಯಾ ಎಂದು ನಗುತ್ತಾರೆ. ಬೆರಳಿಗೆಲ್ಲ ಹಿಟ್ಟು ಮೆತ್ತಿದ್ದರಿಂದ ಮಣಿಕಟ್ಟಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ ನಗುವಾಗ. ತಂದೆ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು.

“ಆಮೇಲೆ ಕೈ ತೊಳೆದುಕೊಂಡು ಬಂದು, ಇದರಲ್ಲಿ ದೂರದ್ದು ಕಾಣುತ್ತದಾ ಅಂತ ಕೇಳಿದರು. ಕ್ಯಾಮರಾ ಕೊಟ್ಟೆ. ಕಡಲಿನ ಕಡೆಯ ಕಿಟಕಿಗೆ ಹೋಗಿ ಕಣ್ಣಿಟ್ಟರು. ಎಂತ ಕಾಣುತ್ತದೆ ಅಜ್ಜೀ ಅಂದೆ. ‘ಎಂತದೂ ಇಲ್ಲ. ನಿನ್ನ ಉಪ್ಪ ಇರುವುದು ಈ ದಿಕ್ಕಿನಲ್ಲೇ ಅಲ್ವಾ? ತಿರುಗಲಿ, ನಿಲ್ಲಿಸಬೇಡ’ ಅಂದರು. ಕೀಲಿ ಮುಗಿಯಿತು. ಇನ್ನೊಮ್ಮೆ ಕೊಡು ಅಂದರು. ಕೊಟ್ಟೆ.”

ಅಷ್ಟು ದೊಡ್ಡ ಮನುಷ್ಯ ಟವೆಲನ್ನು ಬಾಯಿಗೆ ಒತ್ತಿಕೊಂಡು ಮಗುವಿನಂತೆ ಅತ್ತುಬಿಟ್ಟರು. ನಾನೂ ಅತ್ತೆ, ನಾಚಿಕೆಯೇನೂ ಆಗಲಿಲ್ಲ. ಹೊರಡುವಾಗ ಅವರು ಮೇಜಿನ ಮೇಲಿದ್ದ ಕ್ಯಾಮರಾವನ್ನು ಎತ್ತಿಕೊಂಡು, ಅದರ ಕೀಲಿ ಕೊಡುವುದು ಹೇಗೆಂದು ಮಗಳ ಹತ್ತಿರ ಕೇಳಿದರು.