ಬಾಗಿಲಿನ ಅಡಿಯಂಚು

ಕುರುಬರಹಳ್ಳಿಯ ಬೋರಮ್ಮನಿಗೆ ಬಣ್ಣದ ಕೆಲಸ ಹೊಸದೇನಲ್ಲ. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಗಂಡ ಮುನಿವೆಂಕಟಪ್ಪನ ಹಿಂದೆ ಡಬ್ಬ ಹೊತ್ತು ಅವಳು ಹೋಗದ ಬೀದಿಯಿರಲಿಲ್ಲ. ಹಳೇ ಬಣ್ಣ ಕೆರೆಯುವವಳು ಅವಳು, ಮರಳು ಕಾಗದ ಹಿಡಿದು ಉಜ್ಜುವವಳು ಅವಳು, ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ ಮರದ ಬಿರುಕಿಗೆಲ್ಲ ಮೆತ್ತುವವಳೂ ಅವಳೇ. ಅಷ್ಟಾದ ಮೇಲೆ ಮುನಿವೆಂಕಟಪ್ಪ ಪಂಚೆ ಎತ್ತಿ ಕಟ್ಟಿ ಬ್ರಷ್ಷು ಹಿಡಿಯುತ್ತಿದ್ದ. ಬಣ್ಣ ಬಿದ್ದ ಮೇಲೆ ಅವಳ ಕೆಲಸವೆಲ್ಲ ಅದರಡಿ ಮುಚ್ಚಿಹೋಗುತ್ತಿತ್ತು. ಅದಕ್ಕಾಗಿ ಅವಳು ಕೊರಗಿದ್ದೂ ಇಲ್ಲ, ಯೋಚಿಸಿದ್ದೂ ಇಲ್ಲ.

ಆ ವರ್ಷ, ಐವತ್ತೇಳರಲ್ಲಿ, ಶಿವರಾತ್ರಿ ಕಳೆದ ವಾರ ಮುನಿವೆಂಕಟಪ್ಪ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ಅಲುಗಾಡಕೂಡದು ಅಂದರು. ಮಲಗಿದವನಿಗೆ ನೋವಿಗಿಂತ ಒಪ್ಪಿಕೊಂಡ ಕೆಲಸಗಳ ಚಿಂತೆಯೇ ಹೆಚ್ಚಾಯಿತು. ರಾಜಾಜಿನಗರದ ಟೀಚರಮ್ಮನ ಮನೆ ಮುಂಬಾಗಿಲನ್ನು ಯುಗಾದಿಯೊಳಗೆ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದ. ಆಗೋದಿಲ್ಲ, ಬೇರೆಯವರನ್ನು ನೋಡಿಕೊಳ್ಳಲಿ ಅಂತ ಹೇಳಿ ಬರಲು ಬೋರಮ್ಮನನ್ನು ಕಳಿಸಿದ.

ಅವಳು ಹೊರಟದ್ದು ಅದನ್ನು ಹೇಳುವುದಕ್ಕೇ. ಟೀಚರಮ್ಮ ಅಂದರೆ ಸತ್ಯವತಿ, ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುವವಳು. ಗಂಡ ವೆಂಕಟಗಿರಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮನೆಯಲ್ಲಿ ಅತ್ತೆ ಅನಂತಲಕ್ಷ್ಮಮ್ಮ. ಬಾಗಿಲ ತುಂಬ ಬಣ್ಣ ಹಕ್ಕಳೆ ಎದ್ದಿತ್ತು. ಮಳೆಗಾಲ ಬಂದರೆ ಕೆಳಗೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತೆ, ಒದ್ದು ತೆಗೆಯಬೇಕು ಅಂತ ಸತ್ಯವತಿ ತನ್ನ ಕಷ್ಟ ಹೇಳಿಕೊಂಡಳು. ಬೋರಮ್ಮ ಬಾಗಿಲನ್ನು ಕೈಯಲ್ಲಿ ಸವರಿ ನೋಡಿದಳು. ಒಳ್ಳೇ ತೇಗ. ಎಲ್ಲಿ ಕೆರೆಯಬೇಕು, ಎಲ್ಲಿ ತುಂಬಬೇಕು ಅನ್ನುವುದು ಅವಳ ಬೆರಳಿಗೇ ತಿಳಿಯಿತು.

"ಅವರಿಗೆ ಏಳೋಕಾಗಲ್ಲ ಟೀಚರಮ್ಮ," ಅಂದಳು. ಅಷ್ಟು ಹೇಳಿ ಹೊರಡಬೇಕಾಗಿದ್ದವಳ ಬಾಯಿಂದ, "ನಾನೇ ಹಚ್ಚಿಕೊಡ್ತೀನಿ," ಅನ್ನುವ ಮಾತು ಬಂದುಬಿಟ್ಟಿತು.

ಸತ್ಯವತಿ ಅತ್ತೆಯ ಮುಖ ನೋಡಿದಳು. ಅನಂತಲಕ್ಷ್ಮಮ್ಮ ಹೆಂಗಸು ಬಣ್ಣ ಹಚ್ಚುವ ಬಗ್ಗೆ ಏನೂ ಅನ್ನಲಿಲ್ಲ. ಆಕೆಯ ಚಿಂತೆಯೇ ಬೇರೆ. ಬಾಗಿಲು ಬಿಚ್ಚಿ ಅಂಗಳದಲ್ಲಿ ಮಲಗಿಸಿದರೆ ಮನೆ ಬಾಯಿಬಿಟ್ಟುಕೊಂಡು ಕೂರುತ್ತೆ, ಮಗ ರಾತ್ರಿ ಪಾಳಿಯಲ್ಲಿದ್ದಾನೆ, ಅದಕ್ಕೆ ಒಪ್ಪುವುದಿಲ್ಲ ಅಂದರು. ಬೋರಮ್ಮನಿಗೂ ಅದೇ ಬೇಕಾಗಿತ್ತು. ಅಷ್ಟು ಭಾರದ ಬಾಗಿಲನ್ನು ಕೀಲಿನಿಂದ ಇಳಿಸುವುದು ಇಬ್ಬರು ಗಂಡಸರ ಕೆಲಸ. ನಿಂತಿದ್ದ ಹಾಗೇ ಹಚ್ತೀನಿ ಅಂತ ಒಪ್ಪಿಸಿ ಬಂದಳು.

ಗಂಡನಿಗೆ ಮಾತ್ರ ಹೇಳಲಿಲ್ಲ. ಊರಿನ ಬೈರಪ್ಪನ ಹೊಲಕ್ಕೆ ಕೂಲಿಗೆ ಹೋಗ್ತೀನಿ ಅಂತ ಬೆಳಗ್ಗೆ ಮುದ್ದೆ ಮಾಡಿಟ್ಟು ಹೊರಟಳು. ಸುಳ್ಳು ಹೇಳಿ ರೂಢಿಯಿಲ್ಲದವಳು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತ ನಡೆದಳು. ಆದರೆ ಕೆರೆಯಲು ಕೂತ ಮೇಲೆ ಅದೆಲ್ಲ ಮರೆತುಹೋಯಿತು.

ಎರಡು ದಿನ ಕೆರೆದು, ಉಜ್ಜಿ, ಬಿರುಕು ತುಂಬಿದಳು. ಅಲ್ಲಿಯವರೆಗೆ ಎಲ್ಲ ಅವಳದೇ ಕೆಲಸ. ಮೂರನೇ ದಿನ ಬಾಗಿಲು ಅರ್ಧ ತೆರೆದು, ಅಲುಗದಂತೆ ಅಡಿಗೆ ಬೆಣೆ ಕೊಟ್ಟು, ಬಣ್ಣ ಅಂಟದಂತೆ ಕೀಲುಗಳಿಗೆ ಹರಳೆಣ್ಣೆ ಸವರಿ, ಹೊಸ್ತಿಲ ಮೇಲೆ ಗೋಣಿ ಹಾಸಿ ಬ್ರಷ್ಷು ಅದ್ದಿದಳು. ನಿಂತ ಹಲಗೆಯ ಮೇಲೆ ಬಣ್ಣ ನಿಲ್ಲುವುದಿಲ್ಲ. ಮೊದಲ ಎಳೆತಕ್ಕೇ ಹಸಿರು ಬಣ್ಣ ಕಣ್ಣೀರಿನ ಹಾಗೆ ಸಾಲಾಗಿ ಇಳಿಯತೊಡಗಿತು. ಒಂದನ್ನು ಒರೆಸುವಷ್ಟರಲ್ಲಿ ಇನ್ನೊಂದು. ಅನಂತಲಕ್ಷ್ಮಮ್ಮ ಒಳಗಿನಿಂದ ನೋಡುತ್ತಲೇ ಇದ್ದರು. ಬೋರಮ್ಮ ಹಚ್ಚಿದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದು, ಜಗಲಿಯ ಮೇಲೆ ಕೂತು ಯೋಚಿಸಿದಳು. ಮಲಗಿಸಿದ ಬಾಗಿಲಿಗೆ ಗಂಡ ಧಾರಾಳವಾಗಿ ಬಣ್ಣ ಸುರಿಯುತ್ತಿದ್ದ. ಇದಕ್ಕೆ ಹಾಗಲ್ಲ, ಕಡುಬಡವರ ಮನೆಯ ಎಣ್ಣೆಯಂತೆ ಸವರಬೇಕು ಅಂದುಕೊಂಡಳು. ಬ್ರಷ್ಷನ್ನು ಡಬ್ಬದ ಅಂಚಿಗೆ ಒತ್ತಿ ಹಿಂಡಿ, ಇದ್ದೂ ಇಲ್ಲದಷ್ಟು ತೆಳ್ಳಗೆ, ಕೆಳಗಿನಿಂದ ಮೇಲಕ್ಕೆ ಎಳೆದಳು. ನಿಂತಿತು.

ಒಂದು ಕೈ ಬಣ್ಣ ಒಣಗಲು ಒಂದು ದಿನ ಬೇಕು. ಅವಳು ಮೂರು ಕೈ ಹಚ್ಚಿದಳು. ಆರನೇ ದಿನ ಶನಿವಾರ ಶಾಲೆಯಿಂದ ಬಂದ ಸತ್ಯವತಿ ಗೇಟಿನ ಹತ್ತಿರವೇ ನಿಂತು ನೋಡಿ, ಇದು ನಮ್ಮ ಮನೆಯೇನಾ ಅಂದಳು. ಬೋರಮ್ಮ ತಲೆ ತಗ್ಗಿಸಿ ಬ್ರಷ್ಷು ತೊಳೆಯುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಅವತ್ತು ಸಂಜೆ ಗಂಡನಿಗೆ ನೀರು ಕೊಡಲು ಬಗ್ಗಿದಾಗ ಅವನು ಅವಳ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ಸೀಮೆಎಣ್ಣೆ, ಸೀಗೆಪುಡಿ ಎಲ್ಲ ಹಾಕಿ ತಿಕ್ಕಿದ್ದರೂ ಟರ್ಪಿನ್ ವಾಸನೆ ಹೋಗಿರಲಿಲ್ಲ. ಇಪ್ಪತ್ತು ವರ್ಷ ಅದೇ ವಾಸನೆಯಲ್ಲಿ ಬಾಳಿದವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೋರಮ್ಮ ಎಲ್ಲ ಹೇಳಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಬಾಗ್ಲು ಇಳಿಸ್ದೋರ್ಯಾರು?" ಅಂತ ಅತ್ತ ತಿರುಗಿಯೇ ಕೇಳಿದ.

"ಇಳಿಸ್ಲಿಲ್ಲ. ನಿಂತಂಗೇ ಹಚ್ದೆ."

"ಅಡಿ ಅಂಚು?"

ಬಾಗಿಲಿಗೂ ನೆಲಕ್ಕೂ ನಡುವೆ ಇದ್ದದ್ದು ಒಂದು ಬೆರಳಿನ ಸಂದು. ಬ್ರಷ್ಷು ತೂರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅವಳು ಅದನ್ನು ಬಿಟ್ಟಿದ್ದಳು. ಬಿಟ್ಟಿದ್ದು ಗೊತ್ತಿದ್ದೂ, ಟೀಚರಮ್ಮ ಹೊಗಳಿದಾಗ ಮರೆತಿದ್ದಳು.

"ಮರ ನೀರು ಕುಡಿಯೋದೇ ಅಡಿಯಿಂದ," ಅಂದ ಮುನಿವೆಂಕಟಪ್ಪ. ಗದರಲಿಲ್ಲ. ಗದರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ವರ್ಷ ವರ್ಷ ಆ ಬಾಗಿಲು ಊದಿದ್ದು ಏಕೆ ಅನ್ನುವುದು ಆಗ ಅವಳಿಗೆ ತಿಳಿಯಿತು. ಮೊದಲು ಹಚ್ಚಿದವನು ಯಾರೋ, ಅವನೂ ಇದೇ ಜಾಗ ಬಿಟ್ಟು ಹೋಗಿದ್ದ.

ಮಾರನೇ ಬೆಳಗ್ಗೆ ಮನೆಯಲ್ಲಿದ್ದ ಹಳೇ ಕಂಬಳಿ ಎಳೆದುಕೊಂಡು ಕೂತಳು. ಅವಳಪ್ಪ ಮಗ್ಗದಲ್ಲಿ ನೇಯ್ದು ಮದುವೆಗೆ ಕೊಟ್ಟದ್ದು. ಅಂಚಿನಿಂದ ಒಂದು ಗೇಣು ಅಗಲ, ಎರಡು ಮೊಳ ಉದ್ದ ಕತ್ತರಿಸಿದಳು. ಮುನಿವೆಂಕಟಪ್ಪ ಮಲಗಿದ್ದಲ್ಲಿಂದಲೇ ನೋಡಿದ.

ಭಾನುವಾರವಾದ್ದರಿಂದ ಸತ್ಯವತಿ ಮನೆಯಲ್ಲೇ ಇದ್ದಳು. ಮುಗಿದ ಕೆಲಸಕ್ಕೆ ಮತ್ತೆ ಬಂದದ್ದು ಯಾಕೆ ಅಂತ ಅವಳಿಗೆ ಅರ್ಥವಾಗಲಿಲ್ಲ. ಒಂದು ಜಾಗ ಬಿಟ್ಟಿದ್ದೀನಿ, ನಿಮ್ಮದೊಂದು ಕೈ ಬೇಕು ಅಂದಳು ಬೋರಮ್ಮ. ಬಾಗಿಲು ಅರ್ಧ ತೆರೆದು, ಬಣ್ಣದಲ್ಲಿ ಅದ್ದಿದ ಕಂಬಳಿ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ಒಂದು ತುದಿ ತಾನು ಹಿಡಿದು ಹೊಸ್ತಿಲ ಕಡೆ ಕೂತಳು. ಇನ್ನೊಂದು ತುದಿ ಹಿಡಿದು ಸತ್ಯವತಿ ಬಾಗಿಲ ಹಿಂದೆ ಕೂತಳು. ಗರಗಸ ಎಳೆಯುವವರ ಹಾಗೆ, ಇವಳು ಒಮ್ಮೆ ಅವಳು ಒಮ್ಮೆ, ಪಟ್ಟಿಯನ್ನು ಮೇಲಕ್ಕೊತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರು. ಉಣ್ಣೆಯ ಒರಟು ಎಳೆಗಳು ಬಣ್ಣವನ್ನು ಮರಕ್ಕೆ ತಿಕ್ಕಿ ತಿಕ್ಕಿ ಕುಡಿಸಿದವು.

ಬಾಗಿಲು ನಡುವೆ ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದಕ್ಕೋ ಏನೋ, ಸತ್ಯವತಿ ಯಾವತ್ತೂ ಕೇಳದ್ದನ್ನೆಲ್ಲ ಕೇಳಿದಳು. ಮುನಿವೆಂಕಟಪ್ಪ ಹೇಗಿದ್ದಾನೆ, ಮನೆ ಹೇಗೆ ನಡೀತಿದೆ ಅಂತ. ತಾನು ಕೆಲಸಕ್ಕೆ ಸೇರುವಾಗ ಅತ್ತೆ ಎರಡು ತಿಂಗಳು ಮಾತು ಬಿಟ್ಟಿದ್ದರು ಅಂತಲೂ ದನಿ ತಗ್ಗಿಸಿ ಹೇಳಿದಳು. ಬೋರಮ್ಮ ಹೂಂಗುಟ್ಟುತ್ತ ಎಳೆದಳು.

"ಇದನ್ನ ಬಿಟ್ಟಿದ್ರೂ ನಮಗೆ ಗೊತ್ತಾಗ್ತಿರ್ಲಿಲ್ಲವಲ್ಲ ಬೋರಮ್ಮ," ಅಂದಳು ಸತ್ಯವತಿ. "ಯಾರ ಕಣ್ಣಿಗೂ ಕಾಣಲ್ಲ."

"ನೀರಿಗೆ ಕಾಣುತ್ತೆ ಟೀಚರಮ್ಮ," ಅಂದಳು ಬೋರಮ್ಮ. ಪಟ್ಟಿಯನ್ನು ಇನ್ನೊಮ್ಮೆ ಎಳೆದು, "ನನಗೂ ಕಾಣುತ್ತೆ," ಅಂದಳು.

ಮೂರು ಸಲ ಅದ್ದಿ ಎಳೆದ ಮೇಲೆ ಸತ್ಯವತಿ ಗಂಡನ ಕ್ಷೌರದ ಕನ್ನಡಿ ತಂದು ಸಂದಿಗೆ ಇಟ್ಟಳು. ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಬರಿ ಮರ ಎಲ್ಲೂ ಉಳಿದಿರಲಿಲ್ಲ. ಅನಂತಲಕ್ಷ್ಮಮ್ಮ ಅಡುಗೆಮನೆಯಿಂದ ಬಂದವರು ಸೊಸೆ ಬಣ್ಣದ ಕೈಯಲ್ಲಿ ನೆಲದ ಮೇಲೆ ಮಲಗಿರುವುದನ್ನು ಕಂಡು, ಒಳಗೆ ಹೋಗಿ ಎರಡು ಲೋಟ ಕಾಫಿ ತಂದಿಟ್ಟರು.

ಮನೆಗೆ ಬಂದು ಬೋರಮ್ಮ ಗಂಡನಿಗೆ ಎಲ್ಲ ವಿವರಿಸಿದಳು. ಅವನು ಪಟ್ಟಿಯನ್ನು ಕೈಗೆ ತಗೊಂಡು ಬೆರಳಲ್ಲಿ ತೀಡಿ ನೋಡಿದ. ತನಗೆ ಇದು ತೋಚಿರಲಿಲ್ಲ ಅಂದ. ಅವನಿಂದ ಅಂಥ ಮಾತು ಕೇಳಿದ್ದು ಅವಳಿಗೆ ಅದೇ ಮೊದಲು.

ಮೂಳೆ ಕೂಡಿತು, ಆದರೆ ಕಾಲು ಗಿಡ್ಡವಾಯಿತು. ಏಣಿ ಹತ್ತುವುದು ಅವನಿಗೆ ಮತ್ತೆ ಆಗಲಿಲ್ಲ. ಗೌರಿಹಬ್ಬದ ಹೊತ್ತಿಗೆ ಕೋಲೂರಿಕೊಂಡು ಅವಳ ಜೊತೆ ಹೊರಡತೊಡಗಿದ. ಕೂತು ಬಣ್ಣ ಕಲಸುತ್ತಿದ್ದ, ಕೈಗೆಟಕುವ ಕಿಟಕಿಗಳನ್ನು ಮಾಡುತ್ತಿದ್ದ. ಮೊದಮೊದಲು ಜನ ಎದುರಿಗೆ ನಿಂತಾಗ ಅವಳ ಕೈಯಿಂದ ಬ್ರಷ್ಷು ಇಸಕೊಳ್ಳುವುದೂ ಇತ್ತು. ಬೋರಮ್ಮ ಸುಮ್ಮನೆ ಕೊಡುತ್ತಿದ್ದಳು. ಆಮೇಲಾಮೇಲೆ ಅದು ತಾನಾಗಿ ನಿಂತಿತು.

ಮುಂದಿನ ವರ್ಷ ಮೂಡಲಪಾಳ್ಯದಲ್ಲಿ ಹನುಮಂತಯ್ಯ ಅನ್ನುವವರು ಹೊಸ ಮನೆ ಕಟ್ಟಿಸಿ ಇವರನ್ನು ಕರೆಸಿದರು. ಅಂಗಳದಲ್ಲಿ ನಿಂತು, ಬಾಗಿಲು ಬಿಚ್ಚಿಸಲೋ ಹಾಗೇ ಇರಲೋ ಅಂತ ಮುನಿವೆಂಕಟಪ್ಪನನ್ನು ಕೇಳಿದರು. ಅವನು ಡಬ್ಬದ ಮುಚ್ಚಳ ಎಬ್ಬಿಸುತ್ತ ತಲೆಯೆತ್ತದೆ ಹೇಳಿದ:

"ಬಾಗ್ಲಿನ ವಿಷಯ ಅವಳನ್ನ ಕೇಳಿ, ಸ್ವಾಮಿ."

ಹನುಮಂತಯ್ಯ ಬೋರಮ್ಮನ ಕಡೆ ತಿರುಗಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ, ಮೊದಲು ಕೀಲುಗಳನ್ನು ನೋಡಿದಳು.