ದನಿ ಬಂತು, ಚಿತ್ರ ಬರಲಿಲ್ಲ

"ಬಂತ್ ನೋಡ್ರಿ! ಚಾಲೂ ಆತು!" ಎಂದು ಕೊಟ್ರೇಶ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

ನಿಜ, ಬಂದಿತ್ತು. ಸ್ಪೀಕರಿನಿಂದ ಕುಕ್ಕರಿನ ಸೀಟಿ ಕೇಳಿಸಿತು. ಯಾವುದೋ ಮಗು ಕಿರುಚಿತು. ದೂರದಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ? ನೀಲಿ, ಹಸಿರು ಗೆರೆಗಳು ಸುರುಳಿ ಸುತ್ತುತ್ತ ಕುಣಿಯುತ್ತಿದ್ದವು. (ಹಾಡು ಹಾಕಿದಾಗ ಸುಮ್ಮನೆ ಚೆಂದಕ್ಕೆ ಬರುತ್ತವಲ್ಲ, ಅವೇ.)

ನನ್ನ ಪಕ್ಕ ಕೂತಿದ್ದ ಪಾರಕ್ಕ ಆ ಗೆರೆಗಳನ್ನೇ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ನನ್ನ ಮೊಣಕೈ ತಿವಿದು ಸನ್ನೆಯಲ್ಲಿ ಕೇಳಿದಳು: ಹಸೀನಾ ಎಲ್ಲಿ?

ಪಾರಕ್ಕ ನನ್ನ ಒಡಹುಟ್ಟಿದ ಅಕ್ಕ. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಈಗ ನೀವೇ ಹೇಳಿ, ಆ ಕುಕ್ಕರಿನ ಸೀಟಿಯನ್ನು ಕಟ್ಟಿಕೊಂಡು ಅವಳೇನು ಮಾಡಬೇಕು?

ಕೊಟ್ಟೂರಿನ ಓದುಗರಲ್ಲಿ ಕೆಲವರು ಅವಳ ಹತ್ತಿರ ಜಂಪರ್ ಹೊಲಿಸಿದವರೇ ಇದ್ದೀರಿ. ಅಳತೆಯ ಜಂಪರ್ ಕೊಟ್ಟು, ಯಾವತ್ತು ಬರಲಿ ಎಂದು ಬೆರಳಲ್ಲಿ ಕೇಳಿ, ಬಾಗಿಲಿನಿಂದಲೇ ಹೊರಟುಬಿಡುತ್ತೀರಿ. ತಪ್ಪೇನಿಲ್ಲ. ಮನೆಯಲ್ಲಿ ನಾವೂ ಅವಳ ಜೊತೆ ಹೆಚ್ಚುಕಡಿಮೆ ಅಷ್ಟೇ ಮಾತಾಡುವುದು. ಊಟ, ನೀರು, ನೆಂಟರು, ಸಂತೆ, ಜ್ವರ. ನಮ್ಮ ಮನೆಯ ಸನ್ನೆಗಳು ಅಲ್ಲಿಗೆ ಮುಗಿದವು. ಚಿಕ್ಕಂದಿನಲ್ಲಿ ಅವಳ ಸೊಂಟದ ಮೇಲೆ ಬೆಳೆದವನಾದ್ದರಿಂದ ನನಗೆ ಸ್ವಲ್ಪ ಜಾಸ್ತಿ ಬರುತ್ತದೆ.

ಹಸೀನಾ ಹರಪನಹಳ್ಳಿಯ ಹುಡುಗಿ. ಅವಳಿಗೂ ಕಿವಿ ಕೇಳಿಸದು. ಇಬ್ಬರೂ ಬೇರೆ ಜಿಲ್ಲೆಯ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅಲ್ಲಿ ಅವರು ಆಡುತ್ತಿದ್ದದ್ದು ನಮ್ಮ ಮನೆಯ ಊಟ-ನೀರಿನ ಸನ್ನೆಯಲ್ಲ, ಪೂರ್ತಿ ಭಾಷೆ. ಕೈ, ಮುಖ, ಹುಬ್ಬು, ಭುಜ ಎಲ್ಲವೂ ಮಾತಾಡುತ್ತವೆ. ರಜೆಗೆ ಬಂದಾಗ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಜನ ಸುತ್ತ ಸೇರಿ ನೋಡುತ್ತಿದ್ದರು.

ಹಸೀನಾ ಮದುವೆಯಾಗಿ ಪುಣೆಗೆ ಹೋದಳು. ಗಂಡ ಅನ್ವರ್ ಫೋಟೋ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅವನಿಗೆ ಕಿವಿ ಕೇಳುತ್ತದೆ, ಬಾಯಿ ಬರುತ್ತದೆ. ಹೆಂಡತಿಯ ಕೈಭಾಷೆಯನ್ನು ಮದುವೆಯಾದ ಮೇಲೆ ಅವಳಿಂದಲೇ ಕಲಿತನಂತೆ.

ಗೆಳತಿಯರಿಬ್ಬರ ನಡುವೆ ಉಳಿದದ್ದು ಕಾಗದ. ಆದರೆ ಬರೆಯುವ ಕನ್ನಡ ಇಬ್ಬರಿಗೂ ಅಷ್ಟಕ್ಕಷ್ಟೆ. 'ನಾನು ಚೆನ್ನಾಗಿ. ನೀನು ಹೇಗೆ. ಮಗು ಹಲ್ಲು ಬಂತು.' ಮುಗಿಯಿತು. ಫೋನಂತೂ ಇವರ ಪಾಲಿಗೆ ಇದ್ದೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಸೇರುವಷ್ಟು ಮಾತಾಡುತ್ತಿದ್ದವರು ಇಷ್ಟರಲ್ಲೇ ವರ್ಷಗಳನ್ನು ಕಳೆದಿದ್ದರು.

ಹೀಗಿರುವಾಗ ಮೊನ್ನೆ ಬೇಸಿಗೆಯಲ್ಲಿ ಕೊರಿಯರಿನಲ್ಲಿ ಒಂದು ಸಿ.ಡಿ. ಬಂತು. ಜೊತೆಗೊಂದು ಚೀಟಿ: 'ಇದು ನೋಡು. ನಾನು ಮಾತು ಇದೆ.' ಅನ್ವರನ ಲ್ಯಾಬಿಗೆ ಹೊಸ ಡಿಜಿಟಲ್ ಕ್ಯಾಮೆರಾ ಬಂದಿತ್ತಂತೆ. ಅದರ ಮುಂದೆ ನಿಂತು ಹಸೀನಾ ತನ್ನ ಭಾಷೆಯಲ್ಲೇ ಗೆಳತಿಗೆ ಮಾತಾಡಿ ಕಳಿಸಿದ್ದಳು. ಪಾರಕ್ಕನ ಮುಖ ನೋಡಬೇಕಿತ್ತು ನೀವು! ಹೊಲಿಗೆ ಮಷೀನಿಗೆ ಅಂದು ಪೂರ್ತಿ ರಜೆ.

ಮನೆಯ ವಿ.ಸಿ.ಡಿ. ಪ್ಲೇಯರಿಗೆ ಹಾಕಿದೆವು. 'ನೋ ಡಿಸ್ಕ್' ಎಂದಿತು. ಒರೆಸಿ ಹಾಕಿದೆವು. ಮತ್ತೆ ಅದೇ ಮಾತು. ಪಕ್ಕದ ಮನೆಯವರು ಹೊಸದಾಗಿ ಡಿ.ವಿ.ಡಿ. ಪ್ಲೇಯರ್ ತಂದಿದ್ದರು. ಅದು ಸ್ವಲ್ಪ ಮರ್ಯಾದಸ್ಥ. ಫೈಲಿನ ಹೆಸರನ್ನಾದರೂ ತೋರಿಸಿತು. ಆಮೇಲೆ ಈ ಫಾರ್ಮ್ಯಾಟ್ ತನಗೆ ಆಗದು ಎಂದು ಕೈಯೆತ್ತಿತು.

ಹಾಗೆ ನಾವು ಕೊಟ್ರೇಶನ ಕಂಪ್ಯೂಟರ್ ಸೆಂಟರಿಗೆ ಹೋದದ್ದು, ಕುಕ್ಕರ್ ಸೀಟಿ ಕೇಳಿದ್ದು.

"ಫೈಲ್ ಹೆಸರು ಬದ್ಲಿ ಮಾಡಿ ನೋಡೂಣು ತಡಿರಿ," ಎಂದ ಕೊಟ್ರೇಶ. ಹೆಸರಿನ ಬಾಲದಲ್ಲಿದ್ದ ಎವಿಐ ಅಳಿಸಿ ಎಂಪಿಜಿ ಎಂದು ಬರೆದ. ಇದ್ದ ದನಿಯೂ ಹೋಯಿತು! ಮತ್ತೆ ಮೊದಲಿನ ಹೆಸರನ್ನೇ ಇಟ್ಟ. ಕೊನೆಗೆ ಹೊಸಪೇಟೆಯಲ್ಲಿ ವಿಡಿಯೋ ಎಡಿಟಿಂಗ್ ಮಾಡುವ ತನ್ನ ಗೆಳೆಯನಿಗೆ ಫೋನ್ ಮಾಡಿದ. ಬಹಳ ಹೊತ್ತು ಹೂಂ ಹೂಂ ಎಂದು, ರಿಸೀವರ್ ಇಟ್ಟು ನನ್ನ ಕಡೆ ತಿರುಗಿದ.

"ಎವಿಐ ಅನ್ನೋದು ಬರೇ ಡಬ್ಬಿ ಅಂತ್ರಿ. ಚಿತ್ರ, ದನಿ ಎರಡೂ ಅದ್ರೊಳಗ ಇರ್ತಾವ. ಆದ್ರ ಚಿತ್ರಾನ ಹೆಂಗ ಒತ್ತಿ ತುಂಬ್ಯಾರ ಅನ್ನೋದು ಡಬ್ಬಿ ಹೆಸರಿನ ಮ್ಯಾಲೆ ತಿಳಿಯಂಗಿಲ್ಲ. ಒತ್ತಿದ್ದನ್ನ ಬಿಚ್ಚಾಕ ಕೋಡೆಕ್ ಅಂತ ಒಂದ್ ಇರ್ತೈತಿ. ನಮ್ ಮಷೀನ್‌ನ್ಯಾಗ ದನೀದು ಐತಿ, ಚಿತ್ರದ್ದು ಇಲ್ಲ."

"ಎಲ್ಲಿ ಸಿಗುತ್ತೆ?"

"ಇಂಟರ್ನೆಟ್‌ನ್ಯಾಗ ಸಿಗ್ತೈತ್ರಿ. ಇವತ್ತಲ್ಲ ನಾಳೆ ಇಳಸ್ತೀನಿ."

ಇವತ್ತಲ್ಲ ನಾಳೆ! ನಮ್ಮೂರಿನ ಇಂಟರ್ನೆಟ್ ಬಲ್ಲವರಿಗೆ ಮುಂದಿನ ಕತೆ ಹೇಳಬೇಕಾಗಿಲ್ಲ. ಫೋನಿನ ತಂತಿಯಲ್ಲೇ ಅದೂ ಬರಬೇಕು. ಮುಕ್ಕಾಲು ಪಾಲು ಇಳಿದಿರುತ್ತದೆ, ಮಹಡಿಯ ಮೇಲೆ ಕೊಟ್ರೇಶನ ತಾಯಿ ಮಗಳಿಗೆ ಫೋನ್ ಮಾಡಲೆಂದು ರಿಸೀವರ್ ಎತ್ತುತ್ತಾರೆ. ಲೈನ್ ಕಟ್. ಅವರು ಎತ್ತದ ದಿನ ಕರೆಂಟ್ ಕಟ್. ಎರಡೂ ಇದ್ದ ದಿನ ಇಳಿದ ಕೋಡೆಕ್ ಬೇರೆಯದೇ ಆಗಿತ್ತು. ಗೆರೆಗಳು ಹೋಗಿ ಪರದೆ ಪೂರ್ತಿ ಕಪ್ಪಾಯಿತು. (ಅದನ್ನೇ ಕೊಟ್ರೇಶ ಪ್ರಗತಿ ಎಂದ.)

ಅನ್ವರನ ಫೋನ್ ನಂಬರು ನಮ್ಮಲ್ಲಿರಲಿಲ್ಲ. ಸಿ.ಡಿ. ಓಡುತ್ತಿಲ್ಲ, ಏನು ವಿಷಯ ಎಂದು ಪುಣೆಗೆ ಕಾಗದ ಹಾಕಿದೆ. ಉತ್ತರ ಬರಲಿಲ್ಲ.

ಪಾರಕ್ಕ ದಿನಾ ಸಂಜೆ ಸೀರೆ ಬದಲಿಸಿ ತಯಾರಾಗಿ ನಿಲ್ಲುತ್ತಿದ್ದಳು. ನಾನು ಕೊಟ್ರೇಶನ ಅಂಗಡಿಯಿಂದ ಬರುತ್ತಿದ್ದಂತೆ ನನ್ನ ಮುಖ ನೋಡುತ್ತಿದ್ದಳು. ಕೇಳಬೇಕಾಗಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಂತೂ ಒಂದು ಸೋಮವಾರ ಮಧ್ಯಾಹ್ನ ಕೊಟ್ರೇಶ ಹೇಳಿಕಳಿಸಿದ. ಓಡಿದೆವು. ಹೊಸಪೇಟೆಯ ಗೆಳೆಯ ಸರಿಯಾದ ಕೋಡೆಕನ್ನು ಸಿ.ಡಿ.ಯಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸಿದ್ದನಂತೆ.

ಈ ಸಲ ಪರದೆಯ ಮೇಲೆ ಗೆರೆಯಿಲ್ಲ, ಕಪ್ಪಿಲ್ಲ. ಹಸೀನಾ! ಅಡುಗೆಮನೆಯ ಬಾಗಿಲಲ್ಲಿ ನಿಂತು, ದುಪಟ್ಟಾ ಸರಿಮಾಡಿಕೊಂಡು, ನಗುತ್ತ ಕೈ ಬೀಸಿದಳು. ಆಮೇಲೆ ಶುರುವಾಯಿತು ಮಾತು. ಕೈಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನನಗೆ ಒಂದಕ್ಷರ ತಿಳಿಯಲಿಲ್ಲ.

"ಏನಂತಾರ್ರಿ?" ಕೊಟ್ರೇಶ ಕೇಳಿದ.

"ಗೊತ್ತಿಲ್ಲಪ್ಪ," ಎಂದೆ.

ಪಾರಕ್ಕ ನಗುತ್ತಿದ್ದಳು. ಆಗಾಗ ಪರದೆಗೇ ಉತ್ತರ ಕೊಡುತ್ತಿದ್ದಳು. ನಡುವೆ ಎಲ್ಲೋ ಅವಳ ಕೈ ನಿಂತಿತು. ನಗು ಹೋಯಿತು. ವಿಡಿಯೋ ಮುಗಿಯುವ ಮೊದಲೇ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. ಒಂದು ಭಾನುವಾರದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. ಅದು ನಿನ್ನೆಯದಲ್ಲ, ಅದರ ಹಿಂದಿನ ವಾರದ ಭಾನುವಾರ.

ಏನು ಹೇಳಿದ್ದಳು ಹಸೀನಾ? ಪಾರಕ್ಕ ನಮ್ಮ ಮನೆಯ ಬಡ ಸನ್ನೆಗಳಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದಳು. ಪುಣೆಯಲ್ಲಿ ಒಂದು ಹೊಲಿಗೆ ಘಟಕ ಇದೆ. ಅಲ್ಲಿ ಹೊಲಿಯುವವರೆಲ್ಲ ನಮ್ಮಂಥವರೇ. ದಿನವಿಡೀ ಕೆಲಸ, ದಿನವಿಡೀ ಮಾತು. ಒಂದು ಮಷೀನ್ ಖಾಲಿಯಾಗಿದೆ. ನನ್ನ ತಮ್ಮನ ಮದುವೆಗೆ ಹರಪನಹಳ್ಳಿಗೆ ಬರುತ್ತೇನೆ. ಮದುವೆ ಮುಗಿದ ಭಾನುವಾರ, ಇಂಥ ತಾರೀಖು, ಬೆಳಿಗ್ಗೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಬಟ್ಟೆ ಕಟ್ಟಿಕೊಂಡು ಬಾ, ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಬೇಡ ಎಂದರೆ ಬರಬೇಡ. ನಾನಾಗಿ ನಿಮ್ಮ ಮನೆಗೆ ಬಂದು ಜಗಳ ಹಚ್ಚುವುದಿಲ್ಲ.

ಅಂದರೆ ನಾವು ಸುಮ್ಮನಿದ್ದದ್ದೇ ಉತ್ತರವಾಗಿಹೋಗಿತ್ತು.

ಆ ಕ್ಷಣಕ್ಕೇ ಹರಪನಹಳ್ಳಿ ಬಸ್ಸು ಹತ್ತಿದೆವು. ಹೋಗಿ ಏನು ಪ್ರಯೋಜನ ಎಂದು ನನಗೆ ಅನಿಸಿದ್ದು ನಿಜ. ಆದರೆ ಪಾರಕ್ಕ ಆಗಲೇ ಬಸ್ಸಿನ ಮೆಟ್ಟಿಲ ಮೇಲಿದ್ದಳು. ಹಸೀನಾಳ ತಮ್ಮ ರಫೀಕ್ ಗಾಡಿಗಳ ಸೀಟಿಗೆ ಕುಶನ್ ಹೊಲಿಯುವವನು. ಅಂಗಡಿಯಲ್ಲೇ ಸಿಕ್ಕ. ಪಾರಕ್ಕನನ್ನು ನೋಡುತ್ತಲೇ ಗುರುತು ಹಿಡಿದು ಸೂಜಿ ಕೆಳಗಿಟ್ಟ.

"ಅಯ್ಯೋ ಪಾರಕ್ಕಾ, ಈಗ ಬಂದ್ಯೇನು? ಬಸ್ ಸ್ಟ್ಯಾಂಡ್‌ನಾಗೆ ಮಧ್ಯಾಹ್ನದ ತನಕ ಕುಂತಿದ್ಲು. ಎರಡು ಬಸ್ ಬಿಟ್ಲು. ಬಿಸಿಲಾಗೆ ಮಗು ಒಂದೇ ಸಮನೆ ಅಳ್ತಿತ್ತು. ಕೊಟ್ಟೂರು ಬಸ್ ಬಂದಾಗೆಲ್ಲ ಎದ್ದು ಹೋಗಿ ಕಿಟಕಿ ಕಿಟಕಿ ನೋಡಿ ಬರೋಳು."

ಪಾರಕ್ಕ ಅವನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಎಲ್ಲವನ್ನೂ ಹೇಳಲಿಲ್ಲ. ಹೇಳಲು ನಮ್ಮ ಸನ್ನೆಗಳಲ್ಲಿ ಜಾಗವೂ ಇರಲಿಲ್ಲ. ಆದರೆ ಅವಳಿಗೆ ತಿಳಿಯಿತು.

ರಫೀಕ್ ಅಲ್ಲಿಂದಲೇ ಪುಣೆಗೆ ಫೋನ್ ಹಚ್ಚಿಕೊಟ್ಟ. ಅನ್ವರ್ ಮಾತಾಡಿದ. ನನ್ನ ಕಾಗದ ಅವರ ಕೈ ಸೇರಿರಲೇ ಇಲ್ಲವಂತೆ. "ನಾನು ನಮ್ ಲ್ಯಾಬಿನ ಕಂಪ್ಯೂಟರ್‌ನಾಗ ಹಾಕಿ ನೋಡೇ ಕಳಿಸಿದ್ದೆ ಸಾರ್. ಚೆನ್ನಾಗಿ ಬಂದಿತ್ತಲ್ಲ!" ಎಂದ. ಯಾಕೆ ಬರುವುದಿಲ್ಲ? ಕ್ಯಾಮೆರಾದ ಜೊತೆ ಬಂದ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲಿತ್ತು. ತನ್ನಲ್ಲಿ ಓಡಿದ್ದು ಎಲ್ಲರಲ್ಲೂ ಓಡುತ್ತದೆ ಎಂದು ಅವನು ನಂಬಿದ್ದರಲ್ಲಿ ತಪ್ಪೇನು? ನಾವೆಲ್ಲ ಮಾಡುವುದೂ ಅದನ್ನೇ.

ಆ ಖಾಲಿ ಹೊಲಿಗೆ ಮಷೀನಿಗೆ ಬೇರೊಬ್ಬ ಹುಡುಗಿಯನ್ನು ಮೊನ್ನೆ ಶನಿವಾರವೇ ತೆಗೆದುಕೊಂಡಿದ್ದರು.

ಮನೆಗೆ ಬಂದು ಅವ್ವನಿಗೆ ವಿಷಯ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಹೋಗ್ಲಿ ಬಿಡು. ಅಷ್ಟು ದೂರ ನಾವೇನ್ ಕಳಸ್ತಿದ್ವೇನು? ಆಕಿಗೆ ಇಲ್ಲೇನು ಕಡಿಮಿ ಆಗೈತಿ?" ಎಂದಳು.

ಮಾತು ಕೇಳದಿದ್ದರೂ ಅವ್ವನ ಮುಖ ಪಾರಕ್ಕನಿಗೆ ಚೆನ್ನಾಗಿ ಓದಲು ಬರುತ್ತದೆ. ತಕ್ಷಣ ಕೈ ಆಡಿಸಿ ಏನೋ ಹೇಳಿದಳು.

"ಏನಂತಾಳೋ?" ಅವ್ವ ನನ್ನನ್ನು ಕೇಳಿದಳು.

"ಇಲ್ಲಿ ನನ್ನ ಜೊತೆ ಮಾತಾಡೋರು ಯಾರು ಅಂತಾಳ."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಅವ್ವ ಅದನ್ನು ತಿರುವಲಿಲ್ಲ.

ಕಳೆದ ವಾರ ಪಾರಕ್ಕನ ಉತ್ತರವನ್ನು ರೆಕಾರ್ಡ್ ಮಾಡಿದೆವು. ಕೊಟ್ರೇಶ ಯಾರದೋ ಕ್ಯಾಮೆರಾ ಕೇಳಿ ತಂದಿದ್ದ. ಈ ಸಲ ಅವನು ಬಹಳ ಹುಷಾರು. ಎಲ್ಲಾ ಪ್ಲೇಯರಿಗೂ ಹೊಂದುವ ವಿ.ಸಿ.ಡಿ. ಫಾರ್ಮ್ಯಾಟಿಗೆ ಬದಲಿಸಿ, ನಮ್ಮ ಮನೆಯದರಲ್ಲಿ, ಪಕ್ಕದ ಮನೆಯದರಲ್ಲಿ ಹಾಕಿ ನೋಡಿ ಕಳಿಸಿದ. ಪುಣೆಯಲ್ಲಿ ಮೊದಲ ಸಲಕ್ಕೇ ಓಡಿತಂತೆ. ಇನ್ನೊಂದು ಮಷೀನ್ ಖಾಲಿಯಾದರೆ ತಿಳಿಸುತ್ತಾರಂತೆ. ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ.

ನಾನು ಹೇಳಲು ಹೊರಟದ್ದು ಆ ರೆಕಾರ್ಡಿಂಗಿನ ಮಾತು. ಪಾರಕ್ಕ ಕ್ಯಾಮೆರಾದ ಮುಂದೆ ಮೊದಲು ನಾಚಿಕೊಂಡು ನಿಂತಳು. ಆಮೇಲೆ ಕೈಯೆತ್ತಿದಳು ನೋಡಿ. ನಕ್ಕಳು, ಬೈದಳು, ಯಾರನ್ನೋ ಅಣಕಿಸಿದಳು (ಅವ್ವನನ್ನೇ ಇರಬೇಕು), ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಕ್ಯಾಮೆರಾದ ಮೆಮೊರಿ ತುಂಬಿ ತಾನಾಗಿ ನಿಂತುಹೋಯಿತು, ಅವಳು ನಿಲ್ಲಲಿಲ್ಲ.

ಕೊಟ್ರೇಶ ಕ್ಯಾಮೆರಾ ಇಳಿಸಿ, ಮೆಲ್ಲಗೆ ನನಗೆ ಹೇಳಿದ: "ನಿಮ್ಮಕ್ಕ ಇಷ್ಟು ಮಾತಾಡ್ತಾರ ಅಂತ ನನಗ ಗೊತ್ತೇ ಇರ್ಲಿಲ್ಲ ನೋಡ್ರಿ."

ನಮಗಾದರೂ ಎಲ್ಲಿ ಗೊತ್ತಿತ್ತು?